ಟಿ.ಸಿ., ಬಸ್ ಡ್ರೈವರ್, ಸ್ಟೇಷನ್ ಮಾಸ್ತರ್: ಮಾರಿಯಸ್ ವೇಯರ್ಸ್ ಅವರ ಅರ್ಧ ಶತಮಾನ



ರಿಚರ್ಡ್ ಅಟೆನ್‌ಬರೊ ಅವರ ‘ಗಾಂಧಿ’ ಚಿತ್ರವನ್ನು ಒಮ್ಮೆಯೂ ನೋಡದವರು ಈ ಸಭೆಯಲ್ಲಿ ಇರಲಾರರು. 1982ರಲ್ಲಿ ಬಂದು ಎಂಟು ಆಸ್ಕರ್ ಗೆದ್ದ ಚಿತ್ರ ಅದು. ಕೊಲೆ ಮತ್ತು ಶವಯಾತ್ರೆ ಮುಗಿದ ಕೂಡಲೇ ಕತೆ 1893ಕ್ಕೆ ಹಿಂದಿರುಗುತ್ತದೆ. ರಾತ್ರಿ ರೈಲಿನ ಮೊದಲ ದರ್ಜೆಯ ಡಬ್ಬಿಯಲ್ಲಿ ಒಬ್ಬ ಯುವ ವಕೀಲ ಕೂತು ಓದುತ್ತಿದ್ದಾನೆ. ಬಾಗಿಲಲ್ಲಿ ಒಬ್ಬ ಬಿಳಿಯ ಪ್ರಯಾಣಿಕ ನಿಲ್ಲುತ್ತಾನೆ, ಬೆನ್ನಿಗೇ ಟಿಕೆಟ್ ನೋಡುವ ಅಧಿಕಾರಿ ಬರುತ್ತಾನೆ. ಈ ಟಿಕೆಟ್ ನಿನ್ನ ಕೈಗೆ ಹೇಗೆ ಬಂತು ಎಂದು ಕೇಳುತ್ತಾನೆ. ವಕೀಲನೆಂದರೆ ನಂಬುವುದಿಲ್ಲ, ವಿಸಿಟಿಂಗ್ ಕಾರ್ಡ್ ತೋರಿಸಿದರೂ ಕರಗುವುದಿಲ್ಲ. ಮುಂದಿನ ನಿಲ್ದಾಣದಲ್ಲಿ ಸಾಮಾನು ಹೊರಗೆ ಬೀಳುತ್ತದೆ, ಹಿಂದೆಯೇ ಮನುಷ್ಯನೂ.

ಬೆನ್ ಕಿಂಗ್ಸ್‌ಲಿ ಎಲ್ಲರಿಗೂ ನೆನಪಿದ್ದಾರೆ. ಆ ಟಿ.ಸಿ. ಯಾರು? ಚಿತ್ರದ ಕೊನೆಯಲ್ಲಿ ಸರಿದುಹೋಗುವ ಹೆಸರುಗಳಲ್ಲಿ ‘ರೈಲು ಕಂಡಕ್ಟರ್’ ಎಂಬುದರ ಎದುರು ಮಾರಿಯಸ್ ವೇಯರ್ಸ್ ಎಂದಿದೆ. ಎರಡು ನಿಮಿಷದ ಪಾತ್ರ, ಪಾತ್ರಕ್ಕೊಂದು ಹೆಸರೂ ಇಲ್ಲ. ಆ ಹೊತ್ತಿಗೆ ವೇಯರ್ಸ್ ತಮ್ಮ ದೇಶದಲ್ಲಿ ಮೊದಲ ಸಾಲಿನ ನಟರು. ಜಗತ್ತಿನ ಅರ್ಧ ಭಾಗವನ್ನು ನಗಿಸುತ್ತಿದ್ದ ಇನ್ನೊಂದು ಚಿತ್ರದ ನಾಯಕರೂ ಅವರೇ. ಅದೇ ‘ಗಾಂಧಿ’ಯಲ್ಲಿ ಜನರಲ್ ಸ್ಮಟ್ಸ್ ಆಗಿ ಕಾಣಿಸಿಕೊಂಡವರು ನಾಟಕಕಾರ ಆಥೊಲ್ ಫ್ಯೂಗಾರ್ಡ್. ಇದಕ್ಕೆ ನಾಲ್ಕು ವರ್ಷ ಮೊದಲು ಅದೇ ಫ್ಯೂಗಾರ್ಡ್ ತಮ್ಮ ಹೊಸ ನಾಟಕದ ಮುಖ್ಯ ಪಾತ್ರವನ್ನು ವೇಯರ್ಸ್ ಕೈಗೆ ಕೊಟ್ಟಿದ್ದರು. ಆ ಪಾತ್ರ, ಪೊಲೀಸರ ಕಾಟದಲ್ಲಿ ಮನೆ ಮುರಿದುಕೊಂಡ ಒಬ್ಬ ಮಾಜಿ ಬಸ್ ಡ್ರೈವರನದು. ನಾಟಕಕಾರ ಮತ್ತು ಅವನ ನಾಯಕನಟ ಇಬ್ಬರೂ ಗಾಂಧಿಯ ಎದುರಾಳಿಗಳ ವೇಷ ತೊಟ್ಟು ಒಂದೇ ಚಿತ್ರದಲ್ಲಿ ಸೇರಿದ ಈ ಸಂಗತಿಯನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ಗಮನಿಸಿಲ್ಲ.

ಈ ದೃಶ್ಯದಲ್ಲಿ ಇತಿಹಾಸದ ಒಂದು ಸಣ್ಣ ತೊಡಕೂ ಇದೆ. 1893ರಲ್ಲಿ ನಟಾಲ್ ಬ್ರಿಟಿಷ್ ವಸಾಹತು. ರೈಲು ಆ ವಸಾಹತು ಸರ್ಕಾರದ್ದು, ಗಾಂಧಿಯನ್ನು ಕೆಳಗಿಳಿಸಿದ ಪೀಟರ್‌ಮಾರಿಟ್ಸ್‌ಬರ್ಗ್ ಅದರ ರಾಜಧಾನಿ. ಆತ್ಮಕಥೆಯಲ್ಲಿ ಗಾಂಧಿ ‘ಅಧಿಕಾರಿ’ ಎಂದಷ್ಟೇ ಹೇಳುತ್ತಾರೆ, ಕೈಹಿಡಿದು ಹೊರಗೆ ತಳ್ಳಿದವನು ಪೊಲೀಸ್ ಕಾನ್‌ಸ್ಟೇಬಲ್. ಅಂದರೆ ಆ ಅವಮಾನ ನಡೆದದ್ದು ಇಂಗ್ಲಿಷರ ಆಡಳಿತದಲ್ಲಿ. ಆದರೆ 1982ರ ಪ್ರೇಕ್ಷಕನಿಗೆ ದಕ್ಷಿಣ ಆಫ್ರಿಕಾದ ದಬ್ಬಾಳಿಕೆ ಎಂದರೆ ಆಫ್ರಿಕಾನ್ಸ್ ಮನೆಮಾತಿನ ಬಿಳಿಯನಾದ ಆಫ್ರಿಕಾನರನ ಮುಖ, ಆಫ್ರಿಕಾನ್ಸ್ ಬೆರೆತ ಇಂಗ್ಲಿಷ್. ಆ ಮುಖಕ್ಕೂ ಆ ದನಿಗೂ ವೇಯರ್ಸ್ ಒದಗಿದರು. ಇದರಲ್ಲಿ ಅನ್ಯಾಯವಾಯಿತೆಂದು ಗೊಣಗಲು ಕಾರಣವಿಲ್ಲ, ಜನಾಂಗಭೇದವನ್ನು ಕಾನೂನಿನ ಪುಸ್ತಕಕ್ಕೆ ಏರಿಸಿದ್ದು 1948ರ ನಂತರದ ಆಫ್ರಿಕಾನರ್ ಸರ್ಕಾರವೇ. ಆದರೂ ಈ ನಟನ ಬದುಕನ್ನು ಹಿಡಿಯಲು ಇದೊಂದು ಒಳ್ಳೆಯ ಕೊಂಡಿ. ಹೊರಜಗತ್ತಿಗೆ ಅವರು ಸದಾ ಅಧಿಕಾರದ ಮುಖ. ತಮ್ಮ ಭಾಷೆಯೊಳಗೆ, ತಮ್ಮ ರಂಗದ ಮೇಲೆ, ಅವರು ಕಟ್ಟಿದ ಒಳ್ಳೆಯ ಪಾತ್ರಗಳೆಲ್ಲ ಅಧಿಕಾರ ಇಲ್ಲದ, ಅದು ಕೈತಪ್ಪಿದ, ಇಲ್ಲವೇ ಅದು ತಮ್ಮದೇ ಎಂದು ನಂಬಿ ಮೋಸಹೋದ ಬಿಳಿಯರವು. ಇವತ್ತಿನ ಮಾತೆಲ್ಲ ಈ ಎರಡರ ನಡುವಿನ ಅಂತರದ ಬಗ್ಗೆ.

ಮಾರಿಯಸ್ ವೇಯರ್ಸ್ ಹುಟ್ಟಿದ್ದು 1945ರಲ್ಲಿ, ಜೊಹಾನ್ಸ್‌ಬರ್ಗ್‌ನಲ್ಲಿ. ಚಿನ್ನದ ಗಣಿಗಳ ಆ ಊರಿಗೆ ಆಫ್ರಿಕಾನರರು ಒಡೆಯರಾಗಿ ಬಂದವರಲ್ಲ. ಬರ, ಯುದ್ಧ, ಸಾಲದಿಂದ ಜಮೀನು ಕಳೆದುಕೊಂಡು ಗಣಿಗೆ, ರೈಲಿಗೆ, ಕಾರ್ಖಾನೆಗೆ ಬಂದು ಸೇರಿದ ಕುಟುಂಬಗಳು ಸಾವಿರಾರು. 1932ರ ಕಾರ್ನೆಗಿ ಆಯೋಗದ ವರದಿ, ದೇಶದ ಸುಮಾರು 18 ಲಕ್ಷ ಬಿಳಿಯರಲ್ಲಿ 3 ಲಕ್ಷದಷ್ಟು ಜನ ಕಡುಬಡವರೆಂದು ಲೆಕ್ಕ ಹಾಕಿತ್ತು. ಅವರಿಗೆ ಕೆಲಸ ಕೊಡಲೆಂದೇ ಸರ್ಕಾರ 1924ರಿಂದ ರೈಲ್ವೆಯಲ್ಲಿ ಕಪ್ಪು ಕೂಲಿಗಳನ್ನು ತೆಗೆದು ಬಡ ಬಿಳಿಯರನ್ನು ತುಂಬತೊಡಗಿತ್ತು. ಟಿ.ಸಿ., ಗ್ಯಾಂಗ್‌ಮನ್, ಸ್ಟೇಷನ್ ಮಾಸ್ತರ್: ಇವು ಒಂದು ಸಮುದಾಯ ಬಡತನದಿಂದ ಮೇಲೆ ಹತ್ತಿದ ಮೆಟ್ಟಿಲುಗಳು. ಆ ಮೆಟ್ಟಿಲುಗಳನ್ನು ಇನ್ನೊಬ್ಬರ ಬೆನ್ನ ಮೇಲೆ ಕಟ್ಟಲಾಗಿತ್ತು. ವೇಯರ್ಸ್ ಅಭಿನಯಿಸಿದ ಹಲವು ಗಂಡಸರು ಈ ಇತಿಹಾಸದ ಮಕ್ಕಳು.

ಆಫ್ರಿಕಾನ್ಸ್ ರಂಗಭೂಮಿಯ ವಯಸ್ಸೂ ದೊಡ್ಡದಲ್ಲ. 1925ರಲ್ಲಿ ಆ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿತು. ಪಾಲ್ ಡಿ ಗ್ರೂಟ್ ಅವರ ನಾಟಕ ಕಂಪನಿ ಊರೂರು ತಿರುಗತೊಡಗಿದ್ದೂ ಆಗಲೇ. ಆ ಕಂಪನಿಯ ಗರಡಿಯಲ್ಲಿ ಬೆಳೆದ ಆಂದ್ರೆ ಹ್ಯೂಗೆನೆ ತಮ್ಮದೇ ತಂಡ ಕಟ್ಟಿ, ಸಾಲ ಮಾಡಿ, ಮುಳುಗಿ, ಮತ್ತೆ ಎದ್ದು, 1947ರಲ್ಲಿ ಆಫ್ರಿಕಾನ್ಸ್‌ನಲ್ಲಿ ಹ್ಯಾಮ್ಲೆಟ್ ಆದರು. ಸರ್ಕಾರದ ಹಣದಲ್ಲಿ ನಡೆಯುವ ರಾಷ್ಟ್ರೀಯ ರಂಗಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. ಆತ್ಮಕಥೆಗೆ ‘ಚಪ್ಪಾಳೆ’ ಎಂಬ ಅರ್ಥದ ಹೆಸರಿಟ್ಟ ಹ್ಯೂಗೆನೆ 1961ರಲ್ಲಿ ತೀರಿಕೊಂಡರು. ಎರಡು ವರ್ಷಗಳಲ್ಲಿ ಆ ಹಳೆಯ ಸಂಸ್ಥೆಯ ಜಾಗಕ್ಕೆ ನಾಲ್ಕು ಪ್ರಾಂತ್ಯಗಳಿಗೆ ನಾಲ್ಕು ಕಲಾ ಮಂಡಳಿಗಳು ಬಂದವು. ತಿಂಗಳ ಸಂಬಳ, ಖಾಯಂ ತಂಡ, ಸುಸಜ್ಜಿತ ರಂಗಮಂದಿರ, ಬೆಳಕು, ಬಟ್ಟೆ, ಎಲ್ಲಕ್ಕೂ ಸರ್ಕಾರದ ದುಡ್ಡು. ಕೇಪ್‌ಟೌನಿನಲ್ಲಿ 1971ರಲ್ಲಿ ತೆರೆದ ಭಾರಿ ರಂಗಮಂದಿರಕ್ಕೆ ಮೊದಲ ನಾಲ್ಕು ವರ್ಷ ಬಿಳಿಯರಿಗಷ್ಟೇ ಪ್ರವೇಶವಿತ್ತು. ವೇಯರ್ಸ್ ಪಳಗಿದ್ದು ಇಂಥ ಕಾಲದಲ್ಲಿ, ಟ್ರಾನ್ಸ್‌ವಾಲ್ ಪ್ರಾಂತ್ಯದ ಮಂಡಳಿಯ ರಂಗದ ಮೇಲೆ.

ಅಲ್ಲಿಂದ ಬಂದ ದೊಡ್ಡ ಪಾತ್ರ ಯೇಕ್ಸ್. ಪಿ. ಜಿ. ದು ಪ್ಲೆಸಿ ಅವರ ‘ಸೀನರ್ ಇನ್ ದಿ ಸಬರ್ಬ್ಸ್’ ನಾಟಕ 1971ರಲ್ಲಿ ರಂಗಕ್ಕೆ ಬಂತು, ಮರುವರ್ಷ ಲೇಖಕರಿಗೆ ಆಫ್ರಿಕಾನ್ಸ್‌ನ ಅತ್ಯುನ್ನತ ಹೆರ್ಟ್ಸೊಗ್ ಪ್ರಶಸ್ತಿ ಸಿಕ್ಕಿತು. ಅಲ್ಲಿಯವರೆಗೆ ಆಫ್ರಿಕಾನ್ಸ್ ನಾಟಕದ ಬಿಳಿಯರು ಬಹುಮಟ್ಟಿಗೆ ದೈವಭಕ್ತ ರೈತರು, ಇಲ್ಲವೇ ಪದ್ಯದಲ್ಲಿ ಮಾತಾಡುವ ಚಾರಿತ್ರಿಕ ವೀರರು. ದು ಪ್ಲೆಸಿ ಪ್ರೇಕ್ಷಕರನ್ನು ಜೊಹಾನ್ಸ್‌ಬರ್ಗ್‌ನ ದಕ್ಷಿಣದ ಬಡ ಬಡಾವಣೆಯೊಂದರ ಹಿತ್ತಿಲಿಗೆ ಕರೆದೊಯ್ದರು. ಅಲ್ಲಿ ಕಾರು ರಿಪೇರಿ ಮಾಡುತ್ತ ಕೂತ ಚೊಕ್ಕಿ ಎಂಬ ಹುಡುಗನಿಗೆ ಆಗೀಗ ಆಗಲಿರುವುದು ಕಾಣುತ್ತದೆ. ಅವನ ತಂಗಿ ಟೀಮಿ ಬಸುರಿ. ಅವಳ ಜೊತೆಗಾರ ಯೇಕ್ಸ್ ಮೋಟಾರ್‌ಸೈಕಲ್ ಹುಡುಗ. ಎಲ್ಲರಿಗೂ ಚೊಕ್ಕಿಯಿಂದ ಬೇಕಾದದ್ದು ಒಂದೇ, ಮುಂದೇನೆಂದು ಹೇಳು. ಅವನಿಗೆ ಹೇಳಲು ಭಯ. ಹೇಳಿಸಲು ಯೇಕ್ಸ್ ಕೈ ಎತ್ತುತ್ತಾನೆ.

1973ರಲ್ಲಿ ಇದೇ ನಾಟಕವನ್ನು ಫ್ರಾನ್ಸ್ವಾ ಸ್ವಾರ್ಟ್ ಚಿತ್ರ ಮಾಡಿದರು. ಯೇಕ್ಸ್ ಆಗಿ ವೇಯರ್ಸ್, ಟೀಮಿಯಾಗಿ ಸಾಂಡ್ರಾ ಪ್ರಿನ್ಸ್‌ಲೂ, ಚೊಕ್ಕಿಯಾಗಿ ಡಾನ್ ಲ್ಯಾಂಪ್ರೆಕ್ಟ್. ಯೇಕ್ಸ್ ದುಷ್ಟನೆಂದು ಬಗೆದು ಆಡಿಬಿಡುವುದು ಸುಲಭ, ಹಾಗೆ ಆಡಿದರೆ ಪಾತ್ರ ಅಲ್ಲಿಗೆ ಸತ್ತಂತೆ. ಅವನ ರೋಷದ ಹಿಂದೆ ಪುಕ್ಕಲುತನವಿದೆ. ಈ ಬಡಾವಣೆ ಬಿಟ್ಟರೆ ತನಗೆ ಬೇರೆ ಜಾಗವಿಲ್ಲ ಎಂಬುದು ಅವನಿಗೇ ಗೊತ್ತು. ಇಡೀ ದೇಶದ ಕಾನೂನು ಬಿಳಿಯ ಚರ್ಮದ ಪರವಾಗಿ ನಿಂತಿದ್ದಾಗಲೂ ಬಾಡಿಗೆ ಕಟ್ಟಲಾಗದೆ, ಮದುವೆಯ ಜವಾಬ್ದಾರಿ ಹೊರಲಾಗದೆ ಒದ್ದಾಡುವ ಬಿಳಿಯರನ್ನು ಅವರದೇ ಒರಟು ಬೀದಿಮಾತಿನಲ್ಲಿ ಸರ್ಕಾರಿ ಹಣದ ರಂಗದ ಮೇಲೆ ನಿಲ್ಲಿಸಿದ್ದು ಸಣ್ಣ ಸಂಗತಿಯಲ್ಲ. ಪ್ರಿನ್ಸ್‌ಲೂ ಅವರ ಹೆಸರನ್ನು ಇಲ್ಲಿ ಗುರುತು ಹಾಕಿಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

1976 ಬಂತು. ಜನವರಿ 5ರಂದು ದಕ್ಷಿಣ ಆಫ್ರಿಕಾದಲ್ಲಿ ಟೆಲಿವಿಷನ್ ಶುರುವಾಯಿತು. ಅಷ್ಟು ಶ್ರೀಮಂತ ದೇಶಕ್ಕೆ ಅಷ್ಟು ತಡವಾಗಿ ಬಂದದ್ದು, ಅದು ಜನರನ್ನು ಕೆಡಿಸುತ್ತದೆ ಎಂದು ಸರ್ಕಾರ ವರ್ಷಗಟ್ಟಲೆ ಅಡ್ಡಗಾಲು ಹಾಕಿದ್ದರಿಂದ. ಒಂದೇ ವಾಹಿನಿ, ಅರ್ಧ ಹೊತ್ತು ಇಂಗ್ಲಿಷ್, ಅರ್ಧ ಹೊತ್ತು ಆಫ್ರಿಕಾನ್ಸ್. ಆಫ್ರಿಕಾನ್ಸ್ ನಟರಿಗೆ ಇದ್ದಕ್ಕಿದ್ದಂತೆ ಕೈತುಂಬ ಕೆಲಸ. ಜೂನ್ 16ರಂದು ಸೊವೆಟೊದ ಶಾಲಾ ಮಕ್ಕಳು ಬೀದಿಗಿಳಿದರು. ಅವರ ಕೂಗು ಆಫ್ರಿಕಾನ್ಸ್ ಮಾಧ್ಯಮವನ್ನು ತಮ್ಮ ಮೇಲೆ ಹೇರಬಾರದು ಎಂಬುದು. ಪೊಲೀಸರು ಗುಂಡು ಹಾರಿಸಿದರು. ಒಬ್ಬ ನಟನ ಕಸುಬಿಗೆ ಅವನ ಭಾಷೆಯೇ ಬಂಡವಾಳ. ಆ ಭಾಷೆಯನ್ನು ಮಕ್ಕಳು ಕೈಬರಹದ ಫಲಕ ಹಿಡಿದು ತಿರಸ್ಕರಿಸಿದ ದಿನ ಅದು.

ಐದು ದಿನ ಕಳೆದು, ಜೂನ್ 21ರಂದು, ಜೊಹಾನ್ಸ್‌ಬರ್ಗ್‌ನ ನ್ಯೂಟೌನಿನಲ್ಲಿ ಮಾರ್ಕೆಟ್ ಥಿಯೇಟರ್ ಬಾಗಿಲು ತೆರೆಯಿತು. ಬಾರ್ನಿ ಸೈಮನ್ ಮತ್ತು ಮ್ಯಾನಿ ಮನಿಮ್ ಕಟ್ಟಿದ ಆ ರಂಗಮಂದಿರ ಅದಕ್ಕೂ ಮೊದಲು ಊರಿನ ಇಂಡಿಯನ್ ಫ್ರೂಟ್ ಮಾರ್ಕೆಟ್, ಅಂದರೆ ಭಾರತೀಯ ಹಣ್ಣಿನ ವ್ಯಾಪಾರಿಗಳ ಕಟ್ಟೆ. ಸರ್ಕಾರದ ಒಂದು ಕಾಸನ್ನೂ ಮುಟ್ಟಲಿಲ್ಲ. ಕಪ್ಪು, ಬಿಳಿ, ಭಾರತೀಯ ಎನ್ನದೆ ಯಾರು ಬೇಕಾದರೂ ಟಿಕೆಟ್ ಕೊಂಡು ಒಟ್ಟಿಗೆ ಕೂರಬಹುದಿತ್ತು, ಕಾನೂನು ಬೇಡವೆಂದರೂ.

1978ರ ನವೆಂಬರಿನಲ್ಲಿ ವೇಯರ್ಸ್ ಈ ರಂಗದ ಮೇಲೆ ಪೀಟ್ ಬೆಜೌಡನ್‌ಹೌಟ್ ಆದರು. ನಾಟಕ ‘ಎ ಲೆಸನ್ ಫ್ರಮ್ ಅಲೋಸ್’, ನಿರ್ದೇಶನ ಸ್ವತಃ ಫ್ಯೂಗಾರ್ಡ್ ಅವರದು. ಅಲೋ ಎಂದರೆ ನಮ್ಮ ಲೋಳೆಸರದ ಜಾತಿಯ ಗಿಡ. ನಾಟಕದ ಕಾಲ 1963, ಸ್ಥಳ ಪೋರ್ಟ್ ಎಲಿಜಬೆತ್‌ನ ಒಂದು ಸಾಧಾರಣ ಮನೆ. ತೆರೆ ಎದ್ದಾಗ ಪೀಟ್ ಹಿತ್ತಿಲಲ್ಲಿ ಕೂತು ಡಬ್ಬದಲ್ಲಿ ನೆಟ್ಟ ಗಿಡವೊಂದನ್ನು ಪುಸ್ತಕದ ವಿವರಗಳೊಡನೆ ತಾಳೆ ನೋಡುತ್ತಿದ್ದಾನೆ. ಗಿಡ ಯಾವ ಪುಟಕ್ಕೂ ಹೊಂದುವುದಿಲ್ಲ. ಅವನೊಬ್ಬ ಆಫ್ರಿಕಾನರ್ ರೈತ, ಬರದಲ್ಲಿ ಜಮೀನು ಬಿಟ್ಟವನು. ತನ್ನ ಹೊಲದ ಆಳಿನ ಮಗು ಸತ್ತಾಗ ಸಮಾಧಿಯ ಬಳಿ ಎರಡು ಮಾತು ಹೇಳೆಂದರೆ ಬಾಯಿ ಬಾರದೆ ನಿಂತವನು. ಊರಿಗೆ ಬಂದು ಬಸ್ ಡ್ರೈವರ್ ಆದ. ಬಸ್ ದರ ಏರಿತೆಂದು ಕಪ್ಪು ಮತ್ತು ಮಿಶ್ರವರ್ಣದ ಜನ ಬಸ್ ಬಿಟ್ಟು ನಡೆಯತೊಡಗಿದಾಗ, ಖಾಲಿ ಬಸ್ಸಿನ ಡ್ರೈವರ್ ಸೀಟಿನಿಂದ ಅವರನ್ನು ನೋಡಿದ. ಸ್ಟೀವ್ ಎಂಬ ಮುಂದಾಳುವಿನ ಭಾಷಣ ಕೇಳಿ ಕೆಲಸ ಬಿಟ್ಟು ಚಳವಳಿ ಸೇರಿದ.

ಈಗ ಸ್ಟೀವ್ ಜೈಲಿನಿಂದ ಹೊರಬಂದಿದ್ದಾನೆ. ಮತ್ತೆಂದೂ ಮರಳಿ ಬರುವಂತಿಲ್ಲ ಎಂಬ ಷರತ್ತಿನ ಪರವಾನಗಿ ಪಡೆದು ಹೆಂಡತಿ ಮಕ್ಕಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಲಿದ್ದಾನೆ. ಅವನನ್ನು ಪೊಲೀಸರಿಗೆ ಹಿಡಿದುಕೊಟ್ಟದ್ದು ಪೀಟ್ ಎಂದು ಸ್ನೇಹಿತರೆಲ್ಲ ನಂಬಿ ದೂರವಾಗಿದ್ದಾರೆ. ಪೀಟ್‌ನ ಹೆಂಡತಿ ಗ್ಲ್ಯಾಡಿಸ್ ಇಂಗ್ಲಿಷ್ ಮನೆತನದವಳು. ಅವಳ ದಿನಚರಿಗಳನ್ನು ಪೊಲೀಸರು ಹೊತ್ತೊಯ್ದ ಮೇಲೆ ಅವಳ ಮನಸ್ಸು ಕದಡಿ ಆಸ್ಪತ್ರೆ ಸೇರಿ ಬಂದಿದ್ದಾಳೆ. ಬೀಳ್ಕೊಡುಗೆಯ ಊಟಕ್ಕೆ ಮೇಜು ಸಜ್ಜಾಗಿದೆ. ಸ್ಟೀವ್ ಬರುತ್ತಾನೆ, ಒಬ್ಬನೇ. ಕೊನೆಗೆ ಕೇಳಿಯೇ ಬಿಡುತ್ತಾನೆ, ನೀನೇನಾ? ಪೀಟ್ ಅಲ್ಲವೆನ್ನುವುದಿಲ್ಲ. ನಂಬಲು ಮನಸ್ಸು ಮಾಡಿದವನಿಗೆ ಅಲ್ಲ ಎಂದು ಹೇಳಿ ಏನು ಬಂತು ಎಂಬುದು ಅವನ ನಿಲುವು.

ನಟನಿಗೆ ಇಂಥ ಘಳಿಗೆ ಕಠಿಣ. ಮಾತು ಕೊಟ್ಟರೆ ಯಾವ ನಟನೂ ಆಡುತ್ತಾನೆ, ಇಲ್ಲಿ ಮಾತನ್ನು ಕಿತ್ತುಕೊಳ್ಳಲಾಗಿದೆ. ಅದೂ ನಾಟಕದುದ್ದಕ್ಕೂ ಇಂಗ್ಲಿಷ್ ಕವಿತೆಗಳನ್ನು ಉದ್ಧರಿಸುತ್ತ ಬಂದ ವಾಚಾಳಿ ಪೀಟ್‌ನ ಬಾಯಿಂದ. ಈ ಮೌನ ಹೇಡಿತನವೋ ಘನತೆಯೋ ಎಂಬ ಪ್ರಶ್ನೆ ಪ್ರೇಕ್ಷಕನಲ್ಲಿ ಉಳಿಯಬೇಕಾದರೆ ನಟ ಯಾವ ಕಡೆಗೂ ವಾಲುವಂತಿಲ್ಲ. ಶೀಲಾ ಹಾಲಿಡೇ ಗ್ಲ್ಯಾಡಿಸ್, ಬಿಲ್ ಕರಿ ಸ್ಟೀವ್. 1980ರಲ್ಲಿ ನಾಟಕ ಲಂಡನ್ನಿನ ನ್ಯಾಷನಲ್ ಥಿಯೇಟರಿಗೂ ಹೋಯಿತು. ಅದೇ ವರ್ಷ ಬ್ರಾಡ್‌ವೇನಲ್ಲಿ ಸ್ಟೀವ್ ಪಾತ್ರಕ್ಕೆ ಜೇಮ್ಸ್ ಅರ್ಲ್ ಜೋನ್ಸ್ ಬಂದರು, ಪೀಟ್ ಪಾತ್ರ ಅಮೆರಿಕದ ನಟನ ಪಾಲಾಯಿತು. ಆಫ್ರಿಕಾನರನ ತಾಯಿನುಡಿ ಒಳಗಿನಿಂದ ಒತ್ತುವ ಇಂಗ್ಲಿಷನ್ನು ಫ್ಯೂಗಾರ್ಡ್ ಬರೆದದ್ದು ಕಿವಿಯಲ್ಲಿಟ್ಟುಕೊಂಡು. ಅವರ ತಾಯಿಯೂ ಆಫ್ರಿಕಾನರ್ ಮನೆತನದವರು. ಆ ಒತ್ತು ವೇಯರ್ಸ್‌ಗೆ ಹುಟ್ಟಿನಿಂದ ಬಂದದ್ದು, ಆದ್ದರಿಂದ ಆ ಪಾತ್ರದ ಮೊದಲ ಹಕ್ಕು ಅವರದೇ ಎಂದು ಈ ಉಪನ್ಯಾಸಕನ ಅಭಿಪ್ರಾಯ.

ಅದೇ 1980ರ ಸೆಪ್ಟೆಂಬರಿನಲ್ಲಿ ‘ದಿ ಗಾಡ್ಸ್ ಮಸ್ಟ್ ಬಿ ಕ್ರೇಜಿ’ ದಕ್ಷಿಣ ಆಫ್ರಿಕಾದಲ್ಲಿ ಬಿಡುಗಡೆಯಾಯಿತು. ಈ ಚಿತ್ರವನ್ನು ಇಲ್ಲಿ ಪರಿಚಯಿಸಬೇಕಾಗಿಲ್ಲ. ಆಕಾಶದಿಂದ ಬಿದ್ದ ಕೋಕಾಕೋಲಾ ಬಾಟಲಿ, ಅದನ್ನು ಭೂಮಿಯ ಅಂಚಿನಿಂದ ಎಸೆಯಲು ಹೊರಟ ಮರಳುಗಾಡಿನ ಮನುಷ್ಯ, ಇಷ್ಟು ಹೇಳಿದರೆ ಸಾಕು, ವಿಡಿಯೋ ಕ್ಯಾಸೆಟ್ಟಿನ ಕಾಲ ಕಂಡವರ ಮುಖದಲ್ಲಿ ನಗು ಬರುತ್ತದೆ. ಆನೆಯ ಲದ್ದಿ ಸಂಗ್ರಹಿಸುತ್ತ ತಿರುಗುವ ವಿಜ್ಞಾನಿ ಆಂಡ್ರ್ಯೂ ಸ್ಟೇನ್ ಆಗಿ ಬರುವವರು ವೇಯರ್ಸ್. ಹೆಣ್ಣಿನ ಎದುರು ನಿಂತರೆ ಅವನ ನಾಲಿಗೆ ತೊದಲುತ್ತದೆ, ಕೈಕಾಲು ಅವನ ಮಾತು ಕೇಳುವುದಿಲ್ಲ, ಸುತ್ತಲಿನ ವಸ್ತುಗಳೆಲ್ಲ ಉರುಳುತ್ತವೆ. ಪಟ್ಟಣದ ಕೆಲಸ ಬಿಟ್ಟು ಶಾಲಾ ಶಿಕ್ಷಕಿಯಾಗಿ ಬರುವ ಕೇಟ್, ಮತ್ತೆ ಸಾಂಡ್ರಾ ಪ್ರಿನ್ಸ್‌ಲೂ. ಹಿತ್ತಿಲಿನ ಯೇಕ್ಸ್ ಮತ್ತು ಟೀಮಿ ಏಳು ವರ್ಷ ಕಳೆದು ಕಲಹಾರಿಯಲ್ಲಿ ಹೀಗೆ ಎದುರಾದರು.

ಆ ಚಿತ್ರದ ಲ್ಯಾಂಡ್‌ರೋವರ್ ದೃಶ್ಯಗಳನ್ನು ನಟನೆಯ ವಿದ್ಯಾರ್ಥಿಗಳು ಕೂತು ನೋಡಬೇಕು. ಗಾಡಿಗೆ ಬ್ರೇಕಿಲ್ಲ, ನಿಲ್ಲಿಸಿದರೆ ಮತ್ತೆ ಚಾಲೂ ಆಗುವ ಭರವಸೆಯಿಲ್ಲ. ದಾರಿಯಲ್ಲಿ ಗೇಟು ಬರುತ್ತದೆ. ಇಳಿದು ಚಕ್ರಕ್ಕೆ ಕಲ್ಲು ಕೊಡಬೇಕು, ಗೇಟು ತೆಗೆಯಬೇಕು, ಅಷ್ಟರಲ್ಲಿ ಗಾಡಿ ಹಿಂದಕ್ಕೆ ಉರುಳುತ್ತದೆ, ಓಡಬೇಕು. ಹೊಳೆಯಲ್ಲಿ ಸಿಕ್ಕಿಬಿದ್ದಾಗ ಗಾಡಿಯ ಮುಂದಿನ ಉಕ್ಕಿನ ಹಗ್ಗವನ್ನು ಮರಕ್ಕೆ ಬಿಗಿದರೆ, ಅದು ಸುತ್ತಿಕೊಳ್ಳುತ್ತಲೇ ಹೋಗಿ ಗಾಡಿ ಮರದಲ್ಲಿ ನೇತಾಡುತ್ತದೆ. ನಿರ್ದೇಶಕ ಜೇಮಿ ಎಯ್ಸ್ ಇದನ್ನೆಲ್ಲ ಮೂಕಿಚಿತ್ರದ ವೇಗಕ್ಕೆ ಏರಿಸಿ ತೋರಿಸುತ್ತಾರೆ. ಇಂಥ ಹಾಸ್ಯದಲ್ಲಿ ನಟ ತಾನೂ ನಕ್ಕರೆ, ತನ್ನ ಫಜೀತಿ ತನಗೇ ತಮಾಷೆಯೆಂದು ಸುಳಿವು ಕೊಟ್ಟರೆ ಎಲ್ಲ ಕೆಟ್ಟಿತು. ವೇಯರ್ಸ್ ಪ್ರತಿ ಗೇಟನ್ನೂ ಜೀವನ್ಮರಣದ ಪ್ರಶ್ನೆಯಂತೆ ತೆರೆಯುತ್ತಾರೆ.

ಆದರೆ ಆ ನಗುವಿಗೆ ಒಂದು ಲೆಕ್ಕವಿದೆ. ದಕ್ಷಿಣ ಆಫ್ರಿಕಾದ ಚಿತ್ರವೆಂದರೆ ಹೊರದೇಶಗಳು ಬಹಿಷ್ಕರಿಸುತ್ತಿದ್ದ ಕಾಲ, ಹಾಗಾಗಿ ಚಿತ್ರ ಬೋಟ್ಸ್‌ವಾನಾದ ಹೆಸರಿನಲ್ಲಿ ಹೊರಗೆ ಹೋಯಿತು. ಅಮೆರಿಕದಲ್ಲಿ 1984ರಲ್ಲಿ ತೆರೆಕಂಡು ಅಪಾರ ದುಡ್ಡು ಮಾಡಿತು. ಅಲ್ಲಿನ ವರ್ಣಭೇದ ವಿರೋಧಿಗಳು ಪ್ರತಿಭಟಿಸಿದರು. ಚಿತ್ರದಲ್ಲಿ ಆ ಮರಳುಗಾಡಿನ ಸ್ಯಾನ್ ಜನ ದುಡ್ಡು, ಕಾನೂನು, ಕೋಪ ಏನೂ ಅರಿಯದ ನಿಷ್ಪಾಪಿ ಮಕ್ಕಳು. ವಾಸ್ತವದಲ್ಲಿ ನಮೀಬಿಯಾದ ಆ ಜನರನ್ನು ಸುಮ್ಕ್ವೆಯ ವಸತಿಗೆ ಸೇರಿಸಲಾಗಿತ್ತು, ಗಂಡಸರನ್ನು ದಕ್ಷಿಣ ಆಫ್ರಿಕಾದ ಸೈನ್ಯ ತನ್ನ ಗಡಿಯುದ್ಧಕ್ಕೆ ಸೇರಿಸಿಕೊಳ್ಳುತ್ತಿತ್ತು. ಜಾನ್ ಮಾರ್ಷಲ್ ಅವರು ಅದೇ ಸಮಯದಲ್ಲಿ ತೆಗೆದ ಸಾಕ್ಷ್ಯಚಿತ್ರದಲ್ಲಿ ಈ ಬಡತನ, ಕುಡಿತ, ಜಗಳ ಎಲ್ಲ ಇವೆ. ಅಷ್ಟೇ ಅಲ್ಲ, ‘ಗಾಡ್ಸ್’ ಚಿತ್ರದ ಶೂಟಿಂಗ್ ನಡೆಯುತ್ತಿರುವುದೂ ಅದರಲ್ಲಿ ದಾಖಲಾಗಿದೆ. ಎರಡನ್ನೂ ಒಂದರ ಹಿಂದೊಂದು ನೋಡಿದವರಿಗೆ ಮೊದಲಿನ ನಗು ಮೊದಲಿನಂತೆ ಬರುವುದಿಲ್ಲ. ಪೀಟ್ ಆದವರೇ ಆಂಡ್ರ್ಯೂ ಕೂಡ ಆದರು, ಎರಡು ವರ್ಷದ ಅಂತರದಲ್ಲಿ. ಹೊಟ್ಟೆಪಾಡಿನ ಕಸುಬಿನಲ್ಲಿರುವ ನಟನ ಪಟ್ಟಿಯಿಂದ ನೀತಿಯ ಒಂದೇ ಗೆರೆ ಎಳೆಯುವುದು ಕಷ್ಟ, ಎಳೆಯಲು ಹೋಗದಿರುವುದೇ ಮೇಲು.

ಪ್ರಿನ್ಸ್‌ಲೂ ಅವರ ಮಾತಿಗೆ ಬರೋಣ. 1985ರಲ್ಲಿ ಕೇಪ್‌ಟೌನಿನ ಬ್ಯಾಕ್ಸ್‌ಟರ್ ಥಿಯೇಟರ್‌ನಲ್ಲಿ ಬಾಬಿ ಹೀನಿ ಸ್ಟ್ರಿಂಡ್‌ಬರ್ಗ್‌ನ ‘ಮಿಸ್ ಜೂಲಿ’ ಮಾಡಿಸಿದರು. ಜಮೀನ್ದಾರನ ಮಗಳು ಜೂಲಿಯಾಗಿ ಪ್ರಿನ್ಸ್‌ಲೂ, ಆಳು ಜೀನ್ ಆಗಿ ಜಾನ್ ಕಾನಿ. ಕಾನಿ ಆಗಲೇ ವಿನ್‌ಸ್ಟನ್ ಎನ್‌ಶೋನಾ ಜೊತೆ 1975ರ ಟೋನಿ ಪ್ರಶಸ್ತಿ ಪಡೆದ ಹೆಸರಾಂತ ನಟ. ಕಪ್ಪು ಗಂಡಸು ಬಿಳಿಯ ಹೆಂಗಸು ಕೂಡುವುದನ್ನು ಅಪರಾಧವೆನ್ನುತ್ತಿದ್ದ ಕಾನೂನು ರದ್ದಾದದ್ದು ಅದೇ ವರ್ಷ. ಕಾನೂನು ಹೋದ ಮಾತ್ರಕ್ಕೆ ಕಣ್ಣು ಬದಲಾಗಲಿಲ್ಲ. ರಂಗದ ಮೇಲೆ ಇಬ್ಬರೂ ಮುತ್ತಿಟ್ಟಾಗ ಪ್ರೇಕ್ಷಕರು ಸೀಟಿನಿಂದ ಎದ್ದು ಹೊರನಡೆದರು. ಬೈಗುಳ, ಬೆದರಿಕೆ ಬಂದವು. ಹೊರನಡೆದವರಲ್ಲಿ ಆಫ್ರಿಕಾನ್ಸ್ ಚಿತ್ರಗಳ ಈ ಸುಂದರಿಯನ್ನು ತಮ್ಮ ಮನೆಮಗಳೆಂದುಕೊಂಡವರು ಇದ್ದಿರಲೇಬೇಕು. ಮೂರು ವರ್ಷದ ನಂತರ ಇಬ್ಬರು ಹೆಂಗಸರ ಪ್ರೇಮದ ಕತೆಯಾದ ‘ಕ್ವೆಸ್ಟ್ ಫಾರ್ ಲವ್’ ಚಿತ್ರದಲ್ಲಿ ಯಾನಾ ಸಿಲಿಯರ್ಸ್ ಜೊತೆ ನಟಿಸಿದ್ದೂ ಇದೇ ಪ್ರಿನ್ಸ್‌ಲೂ. ವೇಯರ್ಸ್ ಅವರ ಬದುಕಿನಲ್ಲಿ ಇಷ್ಟು ನೇರವಾದ ಮುಖಾಮುಖಿ ಕಾಣುವುದಿಲ್ಲ. ಅವರದು ಒಳಗಿನಿಂದ ಕೊರೆಯುವ ಬಗೆ.

ಇತ್ತ ಹೊರಗಿನ ಸಿನಿಮಾಗಳು ಅವರನ್ನು ಕರೆಯುತ್ತಲೇ ಇದ್ದವು. 1989ರಲ್ಲಿ ಹಾಲಿವುಡ್‌ನ ಸಮುದ್ರದಾಳದ ರಾಕ್ಷಸಚಿತ್ರ ‘ಡೀಪ್‌ಸ್ಟಾರ್ ಸಿಕ್ಸ್’ನಲ್ಲಿ ವಿಜ್ಞಾನಿ. ಅದನ್ನು ಸಂಬಳದ ಕೆಲಸವೆಂದು ಬದಿಗಿಡಬಹುದು. 1992ರ ‘ದಿ ಪವರ್ ಆಫ್ ಒನ್’ನಲ್ಲಿ ಇಂಗ್ಲಿಷ್ ಹುಡುಗನಿಗೆ ಮಗಳನ್ನು ಕೊಡಲೊಪ್ಪದ ಆಫ್ರಿಕಾನರ್ ಪ್ರೊಫೆಸರ್. ಮಾರ್ಗನ್ ಫ್ರೀಮನ್ ನಿರ್ದೇಶಿಸಿದ ‘ಬೋಫಾ!’ದಲ್ಲಿ ಪೊಲೀಸ್ ಅಧಿಕಾರಿ. ಬ್ಯಾಂಕ್ ದರೋಡೆಗಿಳಿದ ಪೊಲೀಸ್ ಕ್ಯಾಪ್ಟನ್ ಒಬ್ಬನ ನಿಜಕತೆ ‘ಸ್ಟ್ಯಾಂಡರ್’ನಲ್ಲಿ ಅವನ ತಂದೆ, ಜನರಲ್. 2006ರ ‘ಬ್ಲಡ್ ಡೈಮಂಡ್’ನಲ್ಲಿ ವಜ್ರದ ಕಂಪನಿಯ ಒಡೆಯ ವಾನ್ ಡಿ ಕಾಪ್. ಒಂದರ ಪಕ್ಕ ಒಂದು ಇಟ್ಟರೆ ಟಿ.ಸಿ.ಗೆ ಸಿಕ್ಕ ಬಡ್ತಿಗಳಂತೆ ಕಾಣುತ್ತವೆ. ಪಾತ್ರ ಚಿಕ್ಕದು, ಸಂಭಾಷಣೆ ನಾಲ್ಕು ಸಾಲು, ಕತೆಯ ನಾಯಕನಿಗೆ ಅಡ್ಡ ನಿಲ್ಲುವುದೊಂದೇ ಕೆಲಸ. ಇವುಗಳಲ್ಲಿ ‘ಸ್ಟ್ಯಾಂಡರ್’ನ ತಂದೆ ಮಾತ್ರ ಸ್ವಲ್ಪ ಉಸಿರಾಡುತ್ತಾನೆ. ಮಗ ಕಳ್ಳನಾದದ್ದು ಅವನಿಗೆ ಮಾನದ ಪ್ರಶ್ನೆ, ಮಗ ಹಾಗೇಕಾದನೆಂಬುದು ಅವನು ಕೇಳಿಕೊಳ್ಳಲಾರದ ಪ್ರಶ್ನೆ.

ಮನೆಯಲ್ಲಿ ಬೇರೆಯದೇ ನಡೆಯುತ್ತಿತ್ತು. ಮಂಡೇಲಾ ಬಿಡುಗಡೆಯಾದ ಮರುವರ್ಷ, 1991ರಲ್ಲಿ, ಮಾನಿ ವಾನ್ ರೆನ್ಸ್‌ಬರ್ಗ್ ‘ಟ್ಯಾಕ್ಸಿ ಟು ಸೊವೆಟೊ’ ಎಂಬ ಹಾಸ್ಯಚಿತ್ರ ಮಾಡಿದರು. ಕಾರು ಕೆಟ್ಟುನಿಂತ ಬಿಳಿಯ ಗೃಹಿಣಿ ಕಪ್ಪು ಜನರ ಟ್ಯಾಕ್ಸಿ ಹತ್ತಿ ಸೊವೆಟೊ ತಲುಪಿಬಿಡುತ್ತಾಳೆ. ಎಲಿಜ್ ಕಾವುಡ್ ಆ ಗೃಹಿಣಿ, ವೇಯರ್ಸ್ ಅವಳ ಗಂಡ. ಇಪ್ಪತ್ತು ಮೈಲಿ ದೂರವೂ ಇಲ್ಲದ ಊರನ್ನು ಜನ್ಮದಲ್ಲಿ ಕಾಣದ ಬಿಳಿಯ ಮಧ್ಯಮವರ್ಗವನ್ನು ನೋಡಿ ನಗುವ ಚಿತ್ರ ಅದು.

ಅವರ ತೆರೆಯ ಪಾತ್ರಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ‘ಪಲ್ಯಾಸ್’ ಚಿತ್ರದ ಹೆಂಡ್ರಿಕ್ ಮೆಕ್‌ಡೊನಾಲ್ಡ್‌ನನ್ನು ಆರಿಸಬೇಕು. ಕ್ರಿಸ್ ಬರ್ನಾರ್ಡ್ ಬರೆದ ಕತೆ, ಕಟಿಂಕಾ ಹೇನ್ಸ್ ನಿರ್ದೇಶನ. ಈ ಬರ್ನಾರ್ಡ್ ಹೃದಯ ಕಸಿಯ ವೈದ್ಯರಲ್ಲ, ಸಾಹಿತಿ. 1997ರ ಈ ಚಿತ್ರವನ್ನು ದಕ್ಷಿಣ ಆಫ್ರಿಕಾ ಆಸ್ಕರ್ ಸ್ಪರ್ಧೆಗೂ ಕಳಿಸಿತ್ತು. ಹೆಂಡ್ರಿಕ್ ಕರೂ ಎಂಬ ಒಣಬಯಲಿನ ತೂರ್‌ವಾಟರ್ ನಿಲ್ದಾಣದ ಸ್ಟೇಷನ್ ಮಾಸ್ತರ್. ರೈಲು ಅಪರೂಪ, ಊರಿನವರು ಮಾತಾಡಿಸುವುದಿಲ್ಲ. ಹೆಂಡತಿ ಕತ್ರೀನ್ ಒಳಗೊಳಗೇ ಒಣಗಿದ್ದಾಳೆ. ಮಗ ವಿಲೆಮ್ ಮಾತು ನಿಲ್ಲಿಸಿದ್ದಾನೆ. ಒಂದು ದಿನ ದಾರಿ ತಪ್ಪಿದ ಸರ್ಕಸ್ ರೈಲು ಈ ನಿಲ್ದಾಣಕ್ಕೆ ಬರುತ್ತದೆ. ಅದು ಹೋದ ಮೇಲೆ ಒಬ್ಬ ಕೋಡಂಗಿ ಅಲ್ಲೇ ಉಳಿದುಬಿಡುತ್ತಾನೆ. ಹುಡುಗ ಕದ್ದು ಅವನ ಬಳಿ ಹೋಗತೊಡಗುತ್ತಾನೆ. ಮೂಕನಂತಿದ್ದವನು ಮುಖಕ್ಕೆ ಬಣ್ಣ ಹಚ್ಚಿ ಕುಣಿದರೆ ಊರಿನ ಧರ್ಮಭೀರುಗಳಿಗೆ ಅದು ಸೈತಾನನ ಕೆಲಸ.

ಹೆಂಡ್ರಿಕ್ ಪಾತ್ರವನ್ನು ಕ್ರೂರ ಅಪ್ಪನೆಂದು ಆಡಲು ಎಲ್ಲ ಅವಕಾಶವೂ ಇತ್ತು. ಅವನ ಮೈಮೇಲೆ ರೈಲ್ವೆಯ ಸಮವಸ್ತ್ರವಿದೆ, ಗೋಡೆಯ ಮೇಲೆ ಗಡಿಯಾರವಿದೆ, ಕೈಯಲ್ಲಿ ಆಜ್ಞೆ ಮಾಡಲು ಏನೂ ಉಳಿದಿಲ್ಲ. ಬಡ ಬಿಳಿಯರನ್ನು ಎತ್ತಿನಿಲ್ಲಿಸಿದ ಅದೇ ರೈಲ್ವೆ ಇಲ್ಲಿ ಒಬ್ಬನನ್ನು ಮರಳಿನಲ್ಲಿ ಮರೆತುಬಿಟ್ಟಿದೆ. ಹೆಂಡತಿಯ ಮೇಲಿನ ಹಳೆಯ ಕೋಪವನ್ನು ಬಿಡಲೂ ಆಗದೆ ಹೇಳಲೂ ಆಗದೆ ಅವನು ಮನೆಯನ್ನೇ ಬಾಯಿಮುಚ್ಚಿಸಿದ್ದಾನೆ, ಮಗನ ಮೂಕತನ ಅದರ ಫಲ. ವೇಯರ್ಸ್ ಇದನ್ನೆಲ್ಲ ಭುಜ ಮತ್ತು ಕುತ್ತಿಗೆಯಲ್ಲಿ ಹಿಡಿದಿಡುತ್ತಾರೆ, ದನಿ ಎತ್ತುವುದು ಕಡಿಮೆ. ಅಲೆಟಾ ಬೆಜೌಡನ್‌ಹೌಟ್ ಕತ್ರೀನ್ ಆಗಿ ಅವರಿಗೆ ಸರಿಸಾಟಿ.

ಹೇನ್ಸ್ ಅವರ ಇನ್ನೊಂದು ಚಿತ್ರವನ್ನು ನೆನೆಯದೆ ಈ ಕತೆ ಪೂರ್ಣವಾಗದು. ಡಲೀನ್ ಮತೀ ಅವರ ಕಾದಂಬರಿ ಆಧರಿಸಿದ ‘ಫೀಲಾ ಸೆ ಕಿಂಟ್’ 1988ರಲ್ಲಿ ಬಂತು. ಮನೆಬಾಗಿಲಲ್ಲಿ ಸಿಕ್ಕ ಬಿಳಿಯ ಮಗುವನ್ನು ಸಾಕಿದ ಮಿಶ್ರವರ್ಣದ ತಾಯಿ ಫೀಲಾ ಆಗಿ ಶಲೀನ್ ಸರ್ಟಿ-ರಿಚರ್ಡ್ಸ್ ಇಡೀ ಚಿತ್ರವನ್ನು ಹೊತ್ತರು. ಆಫ್ರಿಕಾನ್ಸ್ ಬಿಳಿಯರ ಭಾಷೆ ಎಂಬ ನಂಬಿಕೆ ನಮ್ಮಲ್ಲೂ ಇದೆ. 2011ರ ಜನಗಣತಿಯ ಪ್ರಕಾರ ಅದನ್ನು ಮನೆಮಾತಾಗಿ ಆಡುವ ಸುಮಾರು 68 ಲಕ್ಷ ಜನರಲ್ಲಿ ಬಿಳಿಯರು 27 ಲಕ್ಷ, ಮಿಶ್ರವರ್ಣದವರು 34 ಲಕ್ಷಕ್ಕೂ ಹೆಚ್ಚು. ವೇಯರ್ಸ್ ಪಳಗಿದ ಮಂಡಳಿಯ ರಂಗದ ಮೇಲೆ ಆ ಹೆಚ್ಚಿನವರಿಗೆ ಜಾಗ ಇರಲಿಲ್ಲ. ಅವರ ಪ್ರತಿಭೆಯ ಜೊತೆಗೆ ಈ ಅನುಕೂಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸರ್ಟಿ-ರಿಚರ್ಡ್ಸ್ ಮುಂದೆ ‘ಎಗೋಲಿ’ ಧಾರಾವಾಹಿಯ ನೆನ್ನಾ ಆಗಿ ಮನೆಮಾತಾದರು, 2021ರಲ್ಲಿ ತೀರಿಕೊಂಡರು.

1994ರ ನಂತರ ಸರ್ಕಾರಿ ಮಂಡಳಿಗಳ ಖಾಯಂ ತಂಡಗಳು ಮುಚ್ಚಿದವು. ಸಂಬಳದ ನಟರು ಬೀದಿಗೆ ಬಿದ್ದರು ಎಂದರೆ ಹೆಚ್ಚಾಗಲಾರದು. ಆದರೆ 1995ರಲ್ಲಿ ಔಟ್ಸ್‌ಹೋರ್ನ್ ಎಂಬ ಆಸ್ಟ್ರಿಚ್ ಸಾಕಣೆಯ ಊರಿನಲ್ಲಿ ಆಫ್ರಿಕಾನ್ಸ್ ಕಲಾ ಉತ್ಸವ ಶುರುವಾಯಿತು. ಆಮೇಲೆ ಪೊಚೆಫ್‌ಸ್ಟ್ರೂಮ್, ಸ್ಟೆಲೆನ್‌ಬೋಶ್. ಶಾಲೆಯ ಹಾಲ್, ಚರ್ಚಿನ ಹಾಲ್ ಎಲ್ಲವೂ ರಂಗಮಂದಿರಗಳಾದವು. ನಟರು ಮತ್ತೆ ಪೆಟ್ಟಿಗೆ ಕಟ್ಟಿ ಊರೂರು ತಿರುಗತೊಡಗಿದರು, ಹ್ಯೂಗೆನೆ ಕಾಲದಂತೆ. ಈ ಹೊಸ ಕಾಲಕ್ಕೆ ಚೆನ್ನಾಗಿ ಹೊಂದಿಕೊಂಡವರು ಪ್ರಿನ್ಸ್‌ಲೂ. ರಶೆಲ್ ಗ್ರೀಫ್ ಬರೆದ ‘ಡಿ ನಾಯ್‌ಮಷೀನ್’ ಒಂದೂವರೆ ಗಂಟೆಯೂ ಹಿಡಿಯದ ಏಕವ್ಯಕ್ತಿ ಪ್ರಯೋಗ. ಎಂಬತ್ತು ದಾಟಿದ ಮುದುಕಿ ತನ್ನ ಬರ್ನಿನಾ ಹೊಲಿಗೆ ಯಂತ್ರವನ್ನು ಮಾರುವ ಮುನ್ನ ಅದರೊಂದಿಗೆ ಹೊಲಿದ ಬದುಕನ್ನು ಬಿಚ್ಚಿಡುತ್ತಾಳೆ. ಒಬ್ಬ ನಟಿ, ಒಂದು ಯಂತ್ರ, ಒಂದು ವ್ಯಾನಿನಲ್ಲಿ ಹಿಡಿಯುವಷ್ಟು ಸಾಮಾನು, ವರ್ಷಗಟ್ಟಲೆ ತುಂಬಿದ ಪ್ರದರ್ಶನಗಳು.

ವೇಯರ್ಸ್ 2012ರಲ್ಲಿ ಮತ್ತೆ ಕಟಿಂಕಾ ಹೇನ್ಸ್ ಅವರ ಚಿತ್ರಕ್ಕೆ ಬಂದರು. ‘ಡಿ ವಂಡರ್‌ವರ್ಕರ್’ ಕವಿಯೂ ನಿಸರ್ಗ ವಿಜ್ಞಾನಿಯೂ ಮಾರ್ಫಿನ್ ವ್ಯಸನಿಯೂ ಆಗಿದ್ದ ಯೂಜೀನ್ ಮರೇ ಅವರ ಬದುಕಿನ ಒಂದು ತುಣುಕು. 1908ರಲ್ಲಿ, ಜ್ವರದಲ್ಲಿ ಬೇಯುತ್ತ ಮರೇ ವಾಟರ್‌ಬರ್ಗ್‌ನ ಒಂದು ಹೊಲಮನೆಗೆ ಬಂದು ತಂಗುತ್ತಾರೆ. ಕವಿಯ ಪಾತ್ರ ಡಾವಿಡ್ ಮಿನಾರ್ ಅವರದು. ಹೊಲದ ಯಜಮಾನ ಗೇಯ್ಸ್ ವಾನ್ ರೋಯನ್ ಆಗಿ ವೇಯರ್ಸ್, ಅವನ ಹೆಂಡತಿಯಾಗಿ ಮತ್ತೆ ಎಲಿಜ್ ಕಾವುಡ್. ಅರವತ್ತೇಳರ ವೇಯರ್ಸ್‌ಗೆ ಇಲ್ಲಿ ಸಿಕ್ಕದ್ದು ನಾಯಕನ ಪಾತ್ರವಲ್ಲ, ಅತಿಥಿಯ ಮೋಡಿಗೆ ಮನೆಯವರೆಲ್ಲ ಒಳಗಾಗುವುದನ್ನು ನೋಡುತ್ತ ತನ್ನ ಮನೆಯಲ್ಲೇ ಬದಿಗೆ ಸರಿಯುವ ರೈತನ ಪಾತ್ರ. ಟಿ.ಸಿ. ಪಾತ್ರಕ್ಕಿಂತ ಇದು ಉದ್ದ, ಹೆಸರೂ ಇದೆ, ಭಾಷೆ ಅವರದೇ. ‘ಗಾಂಧಿ’ಯನ್ನು ಹತ್ತು ಸಲ ನೋಡಿದವರು ಇದನ್ನೂ ‘ಪಲ್ಯಾಸ್’ನ್ನೂ ಸಬ್‌ಟೈಟಲ್ ಹಾಕಿಕೊಂಡು ಒಂದು ಸಲ ನೋಡಬೇಕೆಂಬುದು ಈ ವೇದಿಕೆಯಿಂದ ಮಾಡುವ ಕೋರಿಕೆ.